ಕೋಡಿ ಬಿದ್ದ ಉಳಿತಾಯ

2022ರ ಸೆಪ್ಟೆಂಬರ್ ಆರಂಭದಲ್ಲಿ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಅದಕ್ಕೆ ಮುಂಚೆ ಈ ಜಲಾಶಯದ ನೀರು 130 ಅಡಿಯ ಮಟ್ಟ ಮುಟ್ಟಿ ಕೋಡಿಯಲ್ಲಿ ಹರಿದದ್ದು 1933ರಲ್ಲಿ. ನಡುವೆ 89 ವರ್ಷ. ಕೋಡಿಯನ್ನು ಅಜ್ಜಂದಿರ ಬಾಯಲ್ಲಿ ಕತೆಯಾಗಿ ಮಾತ್ರ ಕೇಳಿದ್ದ ಜನ ಬುತ್ತಿ ಕಟ್ಟಿಕೊಂಡು ಮಾರಿಕಣಿವೆಗೆ ಹೋದರು, ಗಂಗೆಪೂಜೆ ಮಾಡಿದರು. ಅದೇ ಹೊತ್ತಿಗೆ ಹಿನ್ನೀರಿನ ಕಡೆ, ಹೊಸದುರ್ಗ ತಾಲ್ಲೂಕಿನಲ್ಲಿ, ಹೊಲ ತೋಟಗಳಿಗೆ ನೀರು ನುಗ್ಗಿತೆಂದು ರೈತರು ಕಂಗಾಲಾಗಿದ್ದರು. ನೀರು ಒಂದೇ. ಕೋಡಿಯ ಮಟ್ಟ ಎಷ್ಟಿರಬೇಕು ಎಂಬ ಪ್ರಶ್ನೆಗೆ ಮಾತ್ರ ಎರಡು ತಾಲ್ಲೂಕಿನವರ ಉತ್ತರ ಬೇರೆ.

ಈ ಹಬ್ಬಕ್ಕೆ ಸರಿಯಾಗಿ ಒಂದು ತಿಂಗಳು ಮುಂಚೆ, ಜುಲೈ 31ಕ್ಕೆ, ಸಂಬಳದಾರರು ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಗಡುವು ಮುಗಿದಿತ್ತು. ಆ ವರ್ಷದ ರಿಟರ್ನಿಗೆ ಹೊಸದೊಂದು ಲೆಕ್ಕ ಸೇರಿತ್ತು. ನೌಕರ ತನ್ನ ಭವಿಷ್ಯನಿಧಿಗೆ, ಅಂದರೆ ನಮ್ಮೆಲ್ಲರ ಬಾಯಲ್ಲಿರುವ ಪಿಎಫ್‌ಗೆ, ವರ್ಷದಲ್ಲಿ ಕಟ್ಟಿದ ಹಣ ಒಂದು ಮಿತಿಯನ್ನು ದಾಟಿದ್ದರೆ, ದಾಟಿದ ಭಾಗಕ್ಕೆ ಬಂದ ಬಡ್ಡಿಯ ಮೇಲೆ ತೆರಿಗೆ ಕಟ್ಟಬೇಕಿತ್ತು. ಮುಪ್ಪಿಗೆಂದು ಕೂಡಿಟ್ಟ ಹಣದಲ್ಲಿ 'ಹೆಚ್ಚಾಯಿತು' ಅನ್ನುವುದೂ ಇರುತ್ತದೆಯೇ ಎಂದು ಅನೇಕರಿಗೆ ಅಚ್ಚರಿಯಾದದ್ದು ಆಗ.

ಇರುತ್ತದೆ, ಮತ್ತು ಆ ಮಾತಿಗೆ ಒಂದು ಚರಿತ್ರೆಯೂ ಇದೆ. ಉಳಿಸು ಎಂದು ಜನರನ್ನು ಒತ್ತಾಯಿಸಿದ ಸರ್ಕಾರವೇ, ಇಷ್ಟಕ್ಕಿಂತ ಹೆಚ್ಚು ಉಳಿಸಿದರೆ ರಿಯಾಯಿತಿ ಇಲ್ಲ ಎಂದು ಗೆರೆ ಎಳೆದ ಚರಿತ್ರೆ ಅದು. ಆ ಗೆರೆ ಎಲ್ಲಿ ಬಿತ್ತು, ಯಾರಿಗೆ ಬಿತ್ತು, ಬಿದ್ದ ಮೇಲೆ ಜರುಗಿತೋ ಇಲ್ಲವೋ ಎಂಬುದನ್ನು ಚಿತ್ರದುರ್ಗ ಸೀಮೆಯ ಸಂಬಳದಾರರ ಕಡೆಯಿಂದ ನೋಡುವ ಪ್ರಯತ್ನ ಈ ಬರಹ.

ದಿವಾನರ ಎರಡು ಕಟ್ಟೆಗಳು

ಮೈಸೂರು ಸಂಸ್ಥಾನದ ದಿವಾನರಾಗಿ ಕೆ. ಶೇಷಾದ್ರಿ ಅಯ್ಯರ್ 1883ರಿಂದ 1901ರವರೆಗೆ ಇದ್ದರು. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಅಣೆಕಟ್ಟೆಯ ಕೆಲಸ 1898ರಲ್ಲಿ ಆರಂಭವಾದದ್ದು ಅವರ ಕಾಲದಲ್ಲಿ, ಮುಗಿದದ್ದು 1907ರಲ್ಲಿ. ಆಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ ಬಂತು. ಮಳೆ ಬಂದ ವರ್ಷದ ನೀರನ್ನು ಮಳೆ ಬಾರದ ವರ್ಷಕ್ಕೆ ಹಿಡಿದಿಡುವುದು ಅದರ ಉದ್ದೇಶ. ಬರಗಾಲವನ್ನು ಬಲ್ಲ ಈ ಸೀಮೆಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಅದೇ ದಿವಾನರ ಕಾಲದಲ್ಲಿ, ಅಣೆಕಟ್ಟೆಗೂ ಏಳು ವರ್ಷ ಮೊದಲು, 1891ರಲ್ಲಿ, ಇನ್ನೊಂದು ಕಟ್ಟೆ ಎದ್ದಿತ್ತು. ಅದು ಕಣ್ಣಿಗೆ ಕಾಣುವಂಥದ್ದಲ್ಲ. ಸಂಸ್ಥಾನದ ನೌಕರರಿಗೆ ಸರ್ಕಾರವೇ ಜೀವವಿಮೆ ಇಳಿಸುವ ಏರ್ಪಾಡು ಅದು. ನೌಕರನ ಸಂಬಳದಲ್ಲಿ ಕಂತು ಮುರಿದುಕೊಂಡು, ಅವನು ಸತ್ತರೆ ಮನೆಯವರಿಗೆ, ಬದುಕಿದ್ದರೆ ಅವನಿಗೇ, ಗಂಟಾಗಿ ಕೊಡುವುದು. ನೌಕರ ತೀರಿಕೊಂಡ ಮೇಲೆ ಹೆಂಡತಿ ಮಕ್ಕಳಿಗೆ ತಿಂಗಳು ತಿಂಗಳೂ ಕೈಗೆ ಸಿಗುವ ಕುಟುಂಬ ಪಿಂಚಣಿಯ ನಿಯಮಗಳು ನಮ್ಮ ರಾಜ್ಯದಲ್ಲಿ ಬಂದದ್ದು 1964ರಲ್ಲಿ ಎಂಬುದನ್ನು ನೆನೆದರೆ, ಈ ಕಡ್ಡಾಯ ಕಂತಿನ ಬೆಲೆ ತಿಳಿಯುತ್ತದೆ. 1956ರಲ್ಲಿ ಜೀವವಿಮೆಯ ವ್ಯವಹಾರವೆಲ್ಲ ರಾಷ್ಟ್ರೀಕರಣವಾಗಿ ಎಲ್‌ಐಸಿಯ ಕೈ ಸೇರಿದಾಗಲೂ ಈ ಸರ್ಕಾರಿ ವಿಮೆ ಉಳಿದುಕೊಂಡಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ, ಅಂದರೆ ಪ್ರತಿ ಮೇಷ್ಟರ ಸಂಬಳದ ಚೀಟಿಯಲ್ಲಿ 'ಕೆಜಿಐಡಿ' ಎಂದು ಕಾಣುವ ಸಾಲು, ಅದರ ಮುಂದುವರಿಕೆ.

ಆ ಸಾಲಿನ ಹಿಂದಿರುವ ಲೆಕ್ಕವನ್ನು ಗಮನಿಸಿ. ಕನಿಷ್ಠ ಕಂತು ವೇತನ ಶ್ರೇಣಿಯ ಸರಾಸರಿಯ ಶೇ 6.25. ಈ ಆರೂಕಾಲು ಎಲ್ಲಿಂದ ಬಂತು ಎಂದು ಈಗಿನ ಹುಡುಗರಿಗೆ ಹೊಳೆಯುವುದಿಲ್ಲ. ರೂಪಾಯಿಗೆ ಹದಿನಾರು ಆಣೆ ಇದ್ದ ಕಾಲದವರಿಗೆ ಇದು ಸುಲಭ: ರೂಪಾಯಿಗೆ ಒಂದಾಣೆ. ನೂರಕ್ಕೆ ಎಷ್ಟು ಎಂದು ಕಾಗದ ಪೆನ್ಸಿಲು ಹುಡುಕದೆ, ಬಾಯಲ್ಲೇ ಹೇಳಬಹುದಾದ ಪಾಲು.

ರೂಪಾಯಿಗೆ ಒಂದಾಣೆ

ಒಂದಾಣೆಯ ಈ ಪಾಲು ಮತ್ತೊಮ್ಮೆ ಕಾಣುವುದು 1952ರಲ್ಲಿ. ಅಷ್ಟರೊಳಗೆ ಸರ್ಕಾರಿ ನೌಕರರಿಗೆ, ರೈಲ್ವೆಯವರಿಗೆ, ದೊಡ್ಡ ಕಂಪನಿಗಳ ಗುಮಾಸ್ತರಿಗೆ ಭವಿಷ್ಯನಿಧಿ ಹಳೆಯ ಮಾತಾಗಿತ್ತು. ಬ್ರಿಟಿಷ್ ಸರ್ಕಾರ 1925ರಲ್ಲಿ ಮಾಡಿದ ಪ್ರಾವಿಡೆಂಟ್ ಫಂಡ್ಸ್ ಕಾಯ್ದೆ, ಇಂಥ ನಿಧಿಯನ್ನು ಸಾಲಗಾರರು ಕೋರ್ಟಿನ ಮೂಲಕ ಜಪ್ತಿ ಮಾಡಿಸುವಂತಿಲ್ಲ ಎಂದಿತ್ತು. ಹೊಲ, ಮನೆ, ಎತ್ತು, ಒಡವೆ ಎಲ್ಲವೂ ಸಾಹುಕಾರನ ಬಡ್ಡಿಗೆ ಹೋಗಬಹುದು. ಪಿಎಫ್ ಮಾತ್ರ ಹೋಗದು. ಸಂಬಳದಾರರು ಈ ನಿಧಿಯನ್ನು ಉಳಿದ ಉಳಿತಾಯಗಳಿಗಿಂತ ಒಂದು ಕೈ ಹೆಚ್ಚು ನಂಬಿದ್ದಕ್ಕೆ ಇದೂ ಕಾರಣ.

ಕೈಗಾರಿಕಾ ಕಾರ್ಮಿಕರಿಗೆ ಆ ಭಾಗ್ಯ ಇರಲಿಲ್ಲ. 1951ರ ನವೆಂಬರಿನಲ್ಲಿ ಸುಗ್ರೀವಾಜ್ಞೆ, 1952ರಲ್ಲಿ ಕಾಯ್ದೆ, ಅದೇ ವರ್ಷ ನವೆಂಬರ್ 1ರಿಂದ ಯೋಜನೆ. ಮೊದಲಿಗೆ ಆರು ಉದ್ಯಮಗಳಿಗೆ ಮಾತ್ರ: ಸಿಮೆಂಟು, ಸಿಗರೇಟು, ಎಂಜಿನಿಯರಿಂಗ್, ಕಬ್ಬಿಣ ಮತ್ತು ಉಕ್ಕು, ಕಾಗದ, ಬಟ್ಟೆ. ಈ ಕೊನೆಯದು ನಮಗೆ ಮುಖ್ಯ. ಹತ್ತಿ ಗಿರಣಿಗಳ ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯೊಳಗಿತ್ತು; ಅದು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಸೈರನ್ ಕೂಗಿದಾಗ ಏಳುತ್ತಿದ್ದ ಗಿರಣಿ ಕಾರ್ಮಿಕನಿಗೆ ಕಾನೂನಿನ ಬಲದಿಂದ ಮುಪ್ಪಿನ ಗಂಟು ಕಟ್ಟಿಕೊಟ್ಟದ್ದು ಈ ಯೋಜನೆ. ಕಾರ್ಮಿಕನ ಪಾಲು ರೂಪಾಯಿಗೆ ಒಂದಾಣೆ, ಮಾಲೀಕನದು ಇನ್ನೊಂದಾಣೆ. ತಿಂಗಳಿಗೆ 300 ರೂಪಾಯಿಯವರೆಗಿನ ಕೂಲಿಯವರಿಗೆ ಇದು ಕಡ್ಡಾಯ.

ಅಂದಿನ ಕಾನೂನುಗಳು 'ಹೆಚ್ಚು' ಎಂಬುದನ್ನು ಅಳೆಯುತ್ತಿದ್ದ ರೀತಿಯೂ ಇದೇ: ಪಾಲಿನ ಲೆಕ್ಕ. ಬ್ರಿಟಿಷ್ ಇಂಡಿಯಾದ 1886ರ ಆದಾಯ ತೆರಿಗೆ ಕಾಯ್ದೆ ಜೀವವಿಮೆಗೆ ಕಟ್ಟಿದ ಹಣಕ್ಕೆ ವಿನಾಯಿತಿ ಕೊಟ್ಟಾಗ, ಆದಾಯದ ಆರನೇ ಒಂದು ಭಾಗದವರೆಗೆ ಎಂದಿತು. 1922ರ ಕಾಯ್ದೆಯಲ್ಲೂ ಆರನೇ ಒಂದು ಭಾಗ ಉಳಿಯಿತು. 1929ರ ತಿದ್ದುಪಡಿಯಿಂದ 'ಮಾನ್ಯತೆ ಪಡೆದ ಭವಿಷ್ಯನಿಧಿ' ಎಂಬ ವರ್ಗ ತೆರಿಗೆ ಕಾನೂನಿಗೆ ಸೇರಿತು. ಮೈಸೂರು ಸಂಸ್ಥಾನಕ್ಕೆ 1923ರಿಂದ ತನ್ನದೇ ಆದಾಯ ತೆರಿಗೆ ಕಾಯ್ದೆ ಇತ್ತು. 1950ರ ಏಪ್ರಿಲ್ 1ರಿಂದ ಭಾರತದ ಕಾಯ್ದೆ ಇಲ್ಲಿಗೂ ಬಂತು. ಮುಂದೆ 1961ರ ಕಾಯ್ದೆ, ಮಾಲೀಕ ನೌಕರನ ಪಿಎಫ್‌ಗೆ ಸಂಬಳದ ಶೇ 10ಕ್ಕಿಂತ ಹೆಚ್ಚು ಹಾಕಿದರೆ ಆ ಹೆಚ್ಚುವರಿಯನ್ನು ನೌಕರನ ಆದಾಯವೆಂದೇ ಎಣಿಸಿತು. 1990ರ ದಶಕದ ಕೊನೆಗೆ ಇದು ಶೇ 12 ಆಯಿತು.

ಆರನೇ ಒಂದು, ಹದಿನಾರನೇ ಒಂದು, ನೂರಕ್ಕೆ ಹತ್ತು. ಈ ಲೆಕ್ಕಗಳಿಗೆ ಒಂದು ಗುಣವಿದೆ. ಸಂಬಳ ಏರಿದರೆ ಮಿತಿಯೂ ತಾನಾಗಿ ಏರುತ್ತದೆ. ಬೆಲೆ ಏರಿ, ತುಟ್ಟಿಭತ್ಯೆ ಏರಿ, ಕಂತು ಏರಿದರೂ ಜವಾನನಿಗೂ ಅಮಲ್ದಾರನಿಗೂ ಮಿತಿ ಅವರವರ ಸಂಬಳದ ಜೊತೆಗೇ ನಡೆದು ಬರುತ್ತದೆ.

ಪಾಲು ಹೋಗಿ ಮೊತ್ತ ಬಂತು

ಪಾಲಿನ ಜಾಗಕ್ಕೆ ನಿಗದಿತ ಮೊತ್ತ ಬಂದದ್ದು ಒಂದೇ ದಿನದಲ್ಲಲ್ಲ. ಅದಕ್ಕೆ ಮುಖ್ಯ ತಿರುವು ಎಂದು ನನಗೆ ಕಾಣುವುದು 1968. ಆ ವರ್ಷ ಮೊರಾರ್ಜಿ ದೇಸಾಯಿ ಹಣಕಾಸು ಸಚಿವರಾಗಿದ್ದಾಗ ಸಾರ್ವಜನಿಕ ಭವಿಷ್ಯನಿಧಿ, ಅಂದರೆ ಪಿಪಿಎಫ್, ಜಾರಿಗೆ ಬಂತು. ಮಾಲೀಕನೇ ಇಲ್ಲದವರ ಪಿಎಫ್ ಇದು. ವಕೀಲರು, ವೈದ್ಯರು, ಅಂಗಡಿಕಾರರು, ಮಂಡಿಯವರು ತಾವಾಗಿಯೇ ಕಟ್ಟಬಹುದಾದದ್ದು. ಆ ವರ್ಷ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಎಸ್. ನಿಜಲಿಂಗಪ್ಪನವರೇ ಚಿತ್ರದುರ್ಗದಲ್ಲಿ ವಕೀಲಿ ಮಾಡಿ ಬಂದವರು. ಕೋರ್ಟಿನ ಕರಿಕೋಟಿನವರಿಗೆ ಸಂಬಳದ ಚೀಟಿ ಇಲ್ಲ, ಹಾಗಾಗಿ ಪಿಎಫ್ ಕೂಡ ಇಲ್ಲ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ.

ಸಂಬಳವಿಲ್ಲದವರಿಗೆ ಸಂಬಳದ ಪಾಲು ಎಂಬ ಅಳತೆ ಕೂಡಿ ಬರುವುದಿಲ್ಲ. ಹಾಗಾಗಿ ಪಿಪಿಎಫ್‌ಗೆ ವರ್ಷಕ್ಕೆ ಇಂತಿಷ್ಟು ರೂಪಾಯಿ ಎಂದು ಮಿತಿ ಹಾಕಬೇಕಾಯಿತು. ತೆರಿಗೆ ವಿನಾಯಿತಿಯೂ ಕ್ರಮೇಣ ಅದೇ ದಾರಿ ಹಿಡಿಯಿತು. 1960ರ ದಶಕದ ಕೊನೆಗೆ ಬಂದ 80ಸಿ, 1990ರ ದಶಕದಲ್ಲಿ 88ನೇ ಸೆಕ್ಷನ್ನಾಗಿ ರೂಪ ಬದಲಿಸಿ, 2005ರಲ್ಲಿ ಮತ್ತೆ 80ಸಿ ಆಗಿ ಮರಳಿದಾಗ ಅದರ ಮೇಲೆ ಎದ್ದು ಕಾಣುವಂತೆ ಬರೆದಿದ್ದದ್ದು 1 ಲಕ್ಷ ರೂಪಾಯಿ. 2014ರಲ್ಲಿ ಅದು ಒಂದೂವರೆ ಲಕ್ಷವಾಯಿತು.

ಈ ನಡುವೆ ಸರ್ಕಾರ ಇನ್ನೂ ಒಂದು ಕೆಲಸ ಮಾಡಿತ್ತು. 1974ರಲ್ಲಿ, ಬೆಲೆ ಏರಿಕೆಯನ್ನು ತಡೆಯಲೆಂದು, ನೌಕರರಿಗೆ ಹೊಸದಾಗಿ ಏರಿದ ತುಟ್ಟಿಭತ್ಯೆಯ ಅರ್ಧವನ್ನು ಕೈಗೆ ಕೊಡದೆ ಕಡ್ಡಾಯ ಠೇವಣಿಯಾಗಿ ಹಿಡಿದಿಟ್ಟುಕೊಂಡಿತು. ಆದಾಯ ತೆರಿಗೆ ಕಟ್ಟುವವರಿಗೂ ಕಡ್ಡಾಯ ಠೇವಣಿ ಬಂತು. ಖರ್ಚು ಮಾಡಬೇಡಿ, ಇಡಿ ಎಂಬ ಒತ್ತಾಯ ಅಲ್ಲಿ ತುದಿ ಮುಟ್ಟಿತ್ತು. ಅದಾಗಿ ಐವತ್ತು ವರ್ಷ ತುಂಬುವ ಮೊದಲೇ, ಇಷ್ಟು ಇಟ್ಟದ್ದು ಸಾಕು ಎಂಬ ಮಾತು ಬಂತು.

ಆ ಮಾತು ಎರಡು ಹೆಜ್ಜೆಯಲ್ಲಿ ಬಂತು. 2020ರ ಬಜೆಟ್, ಮಾಲೀಕರು ಒಬ್ಬ ನೌಕರನ ಪಿಎಫ್, ಎನ್‌ಪಿಎಸ್, ನಿವೃತ್ತಿ ನಿಧಿ ಮೂರಕ್ಕೂ ಸೇರಿ ವರ್ಷಕ್ಕೆ ಏಳೂವರೆ ಲಕ್ಷ ದಾಟಿ ಹಾಕಿದರೆ, ದಾಟಿದ್ದು ನೌಕರನ ತೆರಿಗೆಗೊಳಪಡುವ ಆದಾಯ ಎಂದಿತು. 2021ರ ಬಜೆಟ್ ನೌಕರನ ಸ್ವಂತ ವಂತಿಗೆಗೆ ಕೈ ಹಾಕಿತು. ವರ್ಷಕ್ಕೆ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಕಟ್ಟಿದ ಭಾಗದ ಬಡ್ಡಿಗೆ ತೆರಿಗೆ. ದೊಡ್ಡ ಸಂಬಳದವರು ಕೋಟಿಗಟ್ಟಲೆ ಹಣವನ್ನು ಪಿಎಫ್‌ನಲ್ಲಿಟ್ಟು, ತೆರಿಗೆಯೇ ಇಲ್ಲದ ಬಡ್ಡಿಯನ್ನು ಸರ್ಕಾರದ ಭರವಸೆಯ ಮೇಲೆ ಪಡೆಯುತ್ತಿದ್ದಾರೆ, ಈ ನಿಧಿ ಇದ್ದದ್ದು ಕಾರ್ಮಿಕರಿಗೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಕಾರಣದಲ್ಲಿ ಸತ್ಯವಿತ್ತು. ಅದೇ ಮಾರ್ಚಿನಲ್ಲಿ ಒಂದು ತಿದ್ದುಪಡಿಯೂ ಸೇರಿತು: ಮಾಲೀಕನ ಪಾಲು ಬೀಳದ ನಿಧಿಗಳಿಗೆ ಮಿತಿ ಐದು ಲಕ್ಷ. 2006ರ ಏಪ್ರಿಲ್ 1ಕ್ಕೆ ಮುಂಚೆ ಕೆಲಸಕ್ಕೆ ಸೇರಿದ ನಮ್ಮ ರಾಜ್ಯದ ಶಿಕ್ಷಕರು, ಗುಮಾಸ್ತರು ಕಟ್ಟುವ ಸಾಮಾನ್ಯ ಭವಿಷ್ಯನಿಧಿ, ಜಿಪಿಎಫ್, ಈ ಗುಂಪಿನದು.

ಹೆಚ್ಚಾದದ್ದನ್ನು ಏನು ಮಾಡುವುದು

ಫೆಬ್ರುವರಿ ತಿಂಗಳ ಸಂಬಳ ಬೇಕಾದರೆ ತೆರಿಗೆ ಲೆಕ್ಕದ ಹಾಳೆ ತುಂಬಿ ಕೊಡಬೇಕು ಎಂಬುದು ನಮ್ಮ ಕಚೇರಿಗಳ, ಶಾಲೆಗಳ ಹಳೆಯ ಶಾಸ್ತ್ರ. ಆ ಹಾಳೆ ತುಂಬುವಾಗ 'ಸಾರ್, ನಂದು ಲಿಮಿಟ್ ದಾಟಿದೆ, ಏನ್ಮಾಡ್ಲಿ?' ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಒಂದೇ ಅಲ್ಲ. ನಮ್ಮ ಕಾನೂನಿನಲ್ಲಿ 'ಹೆಚ್ಚು' ಎಂಬುದಕ್ಕೆ ಮೂರು ಅರ್ಥಗಳಿವೆ. ಅವನ್ನು ಬೇರೆ ಮಾಡಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಮೊದಲನೆಯದು 80ಸಿಯ ಹೆಚ್ಚುವರಿ. ಇಲ್ಲಿ ತಪ್ಪೇನೂ ಆಗಿಲ್ಲ, ದಂಡವೂ ಇಲ್ಲ. ಕಟ್ಟಿದ್ದು ಒಂದೂವರೆ ಲಕ್ಷ ದಾಟಿದರೆ ದಾಟಿದ್ದಕ್ಕೆ ವಿನಾಯಿತಿ ಸಿಗದು, ಅದನ್ನು ಮುಂದಿನ ವರ್ಷಕ್ಕೆ ಒಯ್ಯಲೂ ಆಗದು, ಅಷ್ಟೆ. ಆದರೆ ಕೆಲವೊಮ್ಮೆ ಪಕ್ಕದಲ್ಲಿ ಇನ್ನೊಂದು ಕೆರೆ ಇರುತ್ತದೆ. ನಮ್ಮ ಸೀಮೆಯ ಹಳೆಯ ಕೆರೆಗಳು ಸರಣಿಯಲ್ಲಿರುವುದನ್ನು ನೋಡಿದವರಿಗೆ ಇದು ಗೊತ್ತು: ಮೇಲಿನ ಕೆರೆಯ ಕೋಡಿ ನೀರು ಕೆಳಗಿನದನ್ನು ತುಂಬುತ್ತದೆ. ಉದಾಹರಣೆಗೆ 2006ರ ನಂತರ ಸೇರಿದ ಒಬ್ಬ ಪ್ರೌಢಶಾಲಾ ಶಿಕ್ಷಕಿ ಎಂದುಕೊಳ್ಳಿ. ಎನ್‌ಪಿಎಸ್‌ಗೆ ಅವರ ಪಾಲು ವರ್ಷಕ್ಕೆ 84,000, ಕೆಜಿಐಡಿ 54,000, ಎಲ್‌ಐಸಿ 30,000. ಒಟ್ಟು 1,68,000, ಮಿತಿಗಿಂತ 18,000 ಹೆಚ್ಚು. 2015ರಲ್ಲಿ ಸೇರಿದ 80ಸಿಸಿಡಿ(1ಬಿ) ಎನ್‌ಪಿಎಸ್‌ಗೆಂದೇ ಬೇರೆ 50,000 ರೂಪಾಯಿ ಕೊಡುತ್ತದೆ. ಎನ್‌ಪಿಎಸ್‌ನ 50,000ವನ್ನು ಆ ಕಲಂನಲ್ಲಿ ತೋರಿಸಿದರೆ ಉಳಿದ ಮೂರೂ ಸೇರಿ 1,18,000, ಎಲ್ಲವೂ ಮಿತಿಯೊಳಗೆ. ಹಣ ಅದೇ, ಬರೆದ ಸಾಲು ಬೇರೆ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಈ ಎರಡೂ ಇಲ್ಲ, ಆದ್ದರಿಂದ ಈ ತಲೆನೋವೂ ಇಲ್ಲ.

ಎರಡನೆಯದು ಪಿಪಿಎಫ್‌ನ ಹೆಚ್ಚುವರಿ. ಇಲ್ಲಿ ಹೆಚ್ಚಾದ ಹಣವನ್ನು ನಿಧಿ ತನ್ನದೆಂದು ಒಪ್ಪುವುದೇ ಇಲ್ಲ. ಹೊಳಲ್ಕೆರೆಯ ಒಬ್ಬ ಅಡಿಕೆ ವ್ಯಾಪಾರಿ ತನ್ನ ಹೆಸರಿನಲ್ಲಿ ಒಂದೂವರೆ ಲಕ್ಷ, ಎಂಟು ವರ್ಷದ ಮಗಳ ಹೆಸರಿನಲ್ಲಿ ಇನ್ನೊಂದೂವರೆ ಲಕ್ಷ ಕಟ್ಟಿದ ಎನ್ನೋಣ. ಖಾತೆ ಎರಡು, ಪಾಸ್‌ಬುಕ್ ಎರಡು, ಮಗಳಿಗೂ ಬೇರೆ ಮಿತಿ ಇದೆ ಎಂದು ಅವನು ತಿಳಿದಿರುತ್ತಾನೆ. ಆದರೆ ತಂದೆ ಪೋಷಕನಾಗಿ ನಡೆಸುವ ಖಾತೆ ಮತ್ತು ಅವನ ಸ್ವಂತ ಖಾತೆ ಎರಡಕ್ಕೂ ಸೇರಿ ಮಿತಿ ಒಂದೇ. ಹೆಚ್ಚಾದದ್ದಕ್ಕೆ ಬಡ್ಡಿ ಇಲ್ಲ, ವಿನಾಯಿತಿಯೂ ಇಲ್ಲ. ಗೊತ್ತಾದಾಗ ಅಸಲನ್ನಷ್ಟೆ ಹಿಂದಿರುಗಿಸುತ್ತಾರೆ. ಒಂದೇ ಹೆಸರಿನಲ್ಲಿ ಅಂಚೆ ಕಚೇರಿಯಲ್ಲೊಂದು, ಬ್ಯಾಂಕಿನಲ್ಲೊಂದು ಪಿಪಿಎಫ್ ಮಾಡಿಸಿದವರ ಗತಿಯೂ ಸುಮಾರು ಇದೇ. ಇಂಥ ಕ್ರಮತಪ್ಪಿದ ಖಾತೆಗಳನ್ನು ಸರಿಪಡಿಸುವ ನಿಯಮಗಳು 2024ರ ಅಕ್ಟೋಬರ್ 1ರಿಂದ ಬಂದಿವೆ. ಇಲ್ಲಿ ಮಾಡಬೇಕಾದ್ದು ಇಷ್ಟು: ತಡಮಾಡದೆ ಖಾತೆ ಇರುವಲ್ಲಿಗೆ ಹೋಗಿ ಬರೆದು ಕೊಡುವುದು. ಹತ್ತು ವರ್ಷ ಬಡ್ಡಿಯಿಲ್ಲದೆ ಮಲಗಿದ ಹಣ ಮಗಳ ಮದುವೆಯ ಹೊತ್ತಿಗೆ ಎಚ್ಚರವಾದರೆ ನಷ್ಟ ದೊಡ್ಡದು.

ಮೂರನೆಯದು 2021ರ ಪಿಎಫ್ ಹೆಚ್ಚುವರಿ. ಇಲ್ಲಿ ಹಣವನ್ನು ವಾಪಸು ಕೊಡುವುದಿಲ್ಲ, ದಂಡ ಹಾಕುವುದಿಲ್ಲ. ಒಂದೇ ಖಾತೆಯನ್ನು ಲೆಕ್ಕದಲ್ಲಿ ಎರಡು ಮಾಡುತ್ತಾರೆ. 2021ರ ಮಾರ್ಚ್ 31ರವರೆಗೆ ಇದ್ದದ್ದು ಮತ್ತು ಆಮೇಲೆ ಮಿತಿಯೊಳಗೆ ಕಟ್ಟಿದ್ದು ತೆರಿಗೆಯಿಲ್ಲದ ಭಾಗ. ಮಿತಿ ದಾಟಿದ್ದು, ಅದರ ಬಡ್ಡಿ, ಬಡ್ಡಿಯ ಬಡ್ಡಿ ತೆರಿಗೆಯ ಭಾಗ. ಒಮ್ಮೆ ಈ ಕಡೆಗೆ ಬಿದ್ದ ಹಣ ಹಿಂದಕ್ಕೆ ತೆಗೆಯುವವರೆಗೂ ಈ ಕಡೆಯೇ ಇರುತ್ತದೆ. ವರ್ಷ ವರ್ಷವೂ ಅದರ ಬಡ್ಡಿಯನ್ನು 'ಇತರ ಮೂಲಗಳ ಆದಾಯ' ಎಂದು ರಿಟರ್ನಿನಲ್ಲಿ ತೋರಿಸಬೇಕು. ಬಡ್ಡಿ ಕೈಗೆ ಬಂದಿಲ್ಲವಲ್ಲ ಎಂಬ ವಾದ ನಡೆಯದು.

ಇಲ್ಲೊಂದು ಸಣ್ಣ ಗುಂಡಿ ಇದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಹೊಸದುರ್ಗದ ಎಂಜಿನಿಯರ್ ಒಬ್ಬ 2021-22ರಲ್ಲಿ ಸ್ವಂತ ಇಚ್ಛೆಯಿಂದ ಹೆಚ್ಚಿಗೆ ಕಟ್ಟಿಸಿ, ವರ್ಷಕ್ಕೆ 3 ಲಕ್ಷ ಪಿಎಫ್‌ಗೆ ಹಾಕಿದ ಎನ್ನಿ. ಹೆಚ್ಚುವರಿ 50,000. ಆ ವರ್ಷದ ಬಡ್ಡಿ ದರ ಶೇ 8.1, ನಾಲ್ಕು ದಶಕಗಳಲ್ಲೇ ಕಡಿಮೆಯದು. ಪೂರ್ತಿ ವರ್ಷಕ್ಕೆ ಹಿಡಿದರೂ ಬಡ್ಡಿ 4,050 ರೂಪಾಯಿ. ತಿಂಗಳು ತಿಂಗಳು ಕಟ್ಟಿದ್ದರಿಂದ ನಿಜವಾಗಿ ಇನ್ನೂ ಕಡಿಮೆ. ಬಡ್ಡಿ 5,000 ದಾಟದಿದ್ದರೆ ಮೂಲದಲ್ಲಿ ತೆರಿಗೆ ಕಡಿತ, ಟಿಡಿಎಸ್, ಆಗುತ್ತಿರಲಿಲ್ಲ. ಕಡಿತವಾಗದ್ದರಿಂದ ಅವನಿಗೆ ಯಾವ ಕಾಗದವೂ ಬರಲಿಲ್ಲ, ತೆರಿಗೆಯೇ ಇಲ್ಲವೆಂದು ಅವನು ಸುಮ್ಮನಾದ. ಆದರೆ ಟಿಡಿಎಸ್ ಇಲ್ಲ ಎಂದರೆ ತೆರಿಗೆ ಇಲ್ಲ ಎಂದಲ್ಲ. ಮೊತ್ತ ಸಣ್ಣದು, ಆದರೆ ತೆರಿಗೆಯ ಭಾಗ ವರ್ಷ ವರ್ಷ ಬೆಳೆಯುತ್ತದೆ. ಮರೆತವರು ಆಯಾ ವರ್ಷದ ಡಿಸೆಂಬರ್ 31ರೊಳಗೆ ಪರಿಷ್ಕೃತ ರಿಟರ್ನ್ ಹಾಕಬಹುದಿತ್ತು. ಅದೂ ತಪ್ಪಿದವರಿಗೆ 2022ರಲ್ಲಿ ಬಂದ ಅಪ್‌ಡೇಟೆಡ್ ರಿಟರ್ನ್ ಎಂಬ ದಾರಿ ಇದೆ, ಸ್ವಲ್ಪ ಹೆಚ್ಚುವರಿ ತೆರಿಗೆ ತೆತ್ತು.

ಕಡಲಾಚೆಯ ಕೋಡಿ

ಇದೇ ಹೊಸದುರ್ಗದ ಹುಡುಗ ಅಮೆರಿಕಕ್ಕೆ ಹೋದನೆನ್ನಿ. ಅಲ್ಲಿ ಅವನು ಬೇರೆ ಲೋಕವನ್ನೇ ನೋಡುತ್ತಾನೆ. ಅಲ್ಲಿನ ಸಂಸತ್ತು 1974ರಲ್ಲಿ ವ್ಯಕ್ತಿಗಳ ನಿವೃತ್ತಿ ಖಾತೆ, ಐಆರ್‌ಎ, ತೆರೆದಾಗ ವರ್ಷದ ಮಿತಿ 1,500 ಡಾಲರ್ ಇತ್ತು. ನಮ್ಮಲ್ಲಿ ತುಟ್ಟಿಭತ್ಯೆಯನ್ನು ಹಿಡಿದಿಟ್ಟ ವರ್ಷವೇ ಅದು. 2025ಕ್ಕೆ ಆ ಮಿತಿ 7,000 ಡಾಲರ್. ಈಗ ಬೆಲೆ ಏರಿಕೆಯ ಜೊತೆ ಅದನ್ನು ಏರಿಸುವ ಏರ್ಪಾಡು ಕಾನೂನಿನಲ್ಲೇ ಇದೆ.

ಆದರೆ ದಾಟಿದರೆ ಅಲ್ಲಿ ಬಿಗಿ. ಹೆಚ್ಚಾಗಿ ಕಟ್ಟಿದ ಹಣ ಖಾತೆಯಲ್ಲಿ ಇರುವಷ್ಟು ಕಾಲ ಪ್ರತಿ ವರ್ಷ ಅದರ ಮೇಲೆ ಶೇ 6 ತೆರಿಗೆ. ತಪ್ಪಿಸಿಕೊಳ್ಳಬೇಕಾದರೆ ಆ ವರ್ಷದ ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಹೆಚ್ಚುವರಿಯನ್ನೂ ಅದು ದುಡಿದದ್ದನ್ನೂ ಹೊರಗೆ ತೆಗೆಯಬೇಕು. ಕಂಪನಿಯ 401(ಕೆ) ಖಾತೆಯಲ್ಲಿ ಇದು ಸಾಮಾನ್ಯವಾಗಿ ಆಗುವುದು ವರ್ಷದ ನಡುವೆ ಕೆಲಸ ಬದಲಿಸಿದವರಿಗೆ: ಹಳೆಯ ಕಂಪನಿಯಲ್ಲಿ ಅರ್ಧ, ಹೊಸದರಲ್ಲಿ ಪೂರ್ತಿ, ಎರಡು ಕಂಪನಿಗಳೂ ಪರಸ್ಪರ ಲೆಕ್ಕ ನೋಡುವುದಿಲ್ಲ. ಏಪ್ರಿಲ್ 15ರೊಳಗೆ ಕೇಳಿ ವಾಪಸು ತೆಗೆಯದಿದ್ದರೆ, ಅದೇ ಹಣಕ್ಕೆ ಕಟ್ಟಿದ ವರ್ಷ ಒಮ್ಮೆ, ಹೊರತೆಗೆದ ವರ್ಷ ಇನ್ನೊಮ್ಮೆ ತೆರಿಗೆ.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಮಿತಿ ಜರುಗುತ್ತದೆ, ದಾಟಿದವನಿಗೆ ಪೆಟ್ಟು ಜೋರು. ಇಲ್ಲಿ ಪೆಟ್ಟು ಮೆದು, ಆದರೆ ಮಿತಿ ನಿಂತಲ್ಲೇ ನಿಂತಿರುತ್ತದೆ.

ನಿಂತ ಗೆರೆ

ಈ ನಿಂತಿರುವುದೇ ನನ್ನ ಮುಖ್ಯ ತಕರಾರು. 80ಸಿಯ ಒಂದೂವರೆ ಲಕ್ಷ 2014ರದು. ಪಿಪಿಎಫ್‌ನ ಒಂದೂವರೆ ಲಕ್ಷವೂ ಆ ವರ್ಷದ್ದೇ. ಪಿಎಫ್ ಕಡ್ಡಾಯವಾಗುವ 15,000 ರೂಪಾಯಿ ಸಂಬಳದ ಮಿತಿ 2014ರ ಸೆಪ್ಟೆಂಬರಿನದು. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಬರುವಂತೆ 2025ರಲ್ಲಿ ಮಾಡಿದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ 80ಸಿಯ ಸಂಖ್ಯೆ 123 ಆಯಿತು. ಒಂದೂವರೆ ಲಕ್ಷ ಮಾತ್ರ ಹಾಗೇ ಉಳಿಯಿತು. ಕೆರೆಗೆ ಹೂಳು ತುಂಬಿದರೆ ಮೊದಲಿನಷ್ಟೇ ಮಳೆಗೂ ಕೋಡಿ ಬೀಳುತ್ತದೆ. ನೀರು ಹೆಚ್ಚಾಯಿತೆಂದು ಊರವರು ಹಿಗ್ಗಬಹುದು, ಆದರೆ ಹೆಚ್ಚಾದದ್ದು ಹೂಳು. ಸಂಬಳದ ವಿಷಯದಲ್ಲಿ ಬೆಲೆ ಏರಿಕೆ ಮಾಡುವ ಕೆಲಸ ಅದೇ. 2014ರಲ್ಲಿ ಮಿತಿಯೊಳಗೆ ಆರಾಮವಾಗಿದ್ದ ಮೇಷ್ಟ್ರು ಇಂದು ಅದೇ ಬಾಳು ಬಾಳುತ್ತ, ಅದೇ ಪಾಲು ಉಳಿಸುತ್ತ, 'ಹೆಚ್ಚು ಉಳಿಸಿದವರು' ಆಗಿಬಿಡುತ್ತಾರೆ. ರೂಪಾಯಿಗೆ ಒಂದಾಣೆ ಎಂದಿದ್ದರೆ ಹೀಗಾಗುತ್ತಿರಲಿಲ್ಲ.

ಇದರ ಇನ್ನೊಂದು ಮುಖ ಇನ್ನೂ ಕಠಿಣ. ಕಡ್ಡಾಯ ಮಿತಿಯಾದ 15,000 ರೂಪಾಯಿ ಸಂಬಳದ ಮೇಲೆ ಪಿಎಫ್ ಕಟ್ಟುವ ಒಬ್ಬ ಕಾರ್ಖಾನೆಯ ಹೆಣ್ಣುಮಗಳ ಪಾಲು ಶೇ 12ರಂತೆ ತಿಂಗಳಿಗೆ 1,800, ವರ್ಷಕ್ಕೆ 21,600. ತೆರಿಗೆ ಕಾನೂನು ಒಂದು ವರ್ಷಕ್ಕೆ ಇದಕ್ಕಿಂತ ಹೆಚ್ಚು ಬೇಡ ಎನ್ನುವ ಎರಡೂವರೆ ಲಕ್ಷವನ್ನು ಕಟ್ಟಲು ಅವಳಿಗೆ ಹನ್ನೊಂದೂವರೆ ವರ್ಷ ಬೇಕು. 1952ರ ಯೋಜನೆ ಹುಟ್ಟಿದ್ದು ಅವಳಂಥವರಿಗಾಗಿ. ಅವಳಿಗಿಂತ ಸ್ವಲ್ಪ ಹೆಚ್ಚು ಸಂಬಳಕ್ಕೆ ಹೊಸದಾಗಿ ಸೇರಿದವಳನ್ನು ಪಿಎಫ್‌ನ ಹೊರಗಿಡಲು ಮಾಲೀಕನಿಗೆ ಅವಕಾಶವಿದೆ, ಏಕೆಂದರೆ ಆ ಗೆರೆಯೂ ಹತ್ತು ವರ್ಷಕ್ಕೂ ಮೀರಿ ಕದಲಿಲ್ಲ. 1952ರ 300 ರೂಪಾಯಿಯ ಮಿತಿ 1957ರಲ್ಲಿ 500, 1962ರಲ್ಲಿ 1,000 ಆಗಿತ್ತು. ಹತ್ತು ವರ್ಷದಲ್ಲಿ ಎರಡು ಸಲ ಏರಿತ್ತು. ಅಂದಿನವರು ಗೆರೆಯನ್ನು ಮರೆತು ಕೂತಿರಲಿಲ್ಲ.

ಇನ್ನು ಜಿಲ್ಲೆಯ ಬಹುಪಾಲು ಜನ ಈ ಯಾವ ಗೆರೆಯ ಹತ್ತಿರವೂ ಇಲ್ಲ. ಕೃಷಿಯ ಆದಾಯಕ್ಕೆ ತೆರಿಗೆಯೂ ಇಲ್ಲ, ಕೃಷಿಕನಿಗೆ ಪಿಎಫ್ ಕೂಡ ಇಲ್ಲ. ಅಂಥವರಿಗೆಂದು 2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆ ಅರವತ್ತರ ನಂತರ ತಿಂಗಳಿಗೆ 1,000ದಿಂದ 5,000 ರೂಪಾಯಿಯವರೆಗೆ ಪಿಂಚಣಿಯ ಮಾತು ಕೊಡುತ್ತದೆ. ಆ ಮೊತ್ತಗಳೂ ಆರಂಭದಲ್ಲಿ ಬರೆದವೇ. ಮಾರಿಕಣಿವೆ ಕೋಡಿ ಬಿದ್ದ ಮರುತಿಂಗಳು, 2022ರ ಅಕ್ಟೋಬರ್ 1ರಿಂದ, ಆದಾಯ ತೆರಿಗೆ ಕಟ್ಟುವವರು ಹೊಸದಾಗಿ ಅದನ್ನು ಸೇರುವಂತಿಲ್ಲ ಎಂದಾಯಿತು. ಅದು ಸರಿಯಾದ ಗೆರೆ ಎಂದೇ ನನ್ನ ಎಣಿಕೆ. ಗೆರೆ ಎಳೆಯುವುದು ತಪ್ಪಲ್ಲ. ಕೋಡಿ ಇಲ್ಲದ ಕೆರೆ ಏರಿ ಒಡೆದು ಊರನ್ನೇ ಕೊಚ್ಚುತ್ತದೆ. ದೊಡ್ಡವರ ಕೋಟಿಗಳಿಗೆ ತೆರಿಗೆಯಿಲ್ಲದ ಆಸರೆಯಾಗಿ ನಿಂತಿದ್ದ ಪಿಎಫ್‌ಗೆ ಒಂದು ಕೋಡಿ ಬೇಕಿತ್ತು. ಆದರೆ ಕೋಡಿ ಕಟ್ಟಿದವರು ಆಗಾಗ ಬಂದು ಹೂಳು ಎಷ್ಟಿದೆ ಎಂದೂ ನೋಡಬೇಕು.

ವಾಣಿವಿಲಾಸ ಸಾಗರ 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಬಿತ್ತು. ಎಂಬತ್ತೊಂಬತ್ತು ವರ್ಷ ಕಾದ ಜನಕ್ಕೆ ಎರಡೂವರೆ ವರ್ಷದಲ್ಲೇ ಎರಡನೆಯ ಸಲ. ಭದ್ರಾ ಮೇಲ್ದಂಡೆಯ ನೀರು 2019ರಿಂದ ಹರಿದು ಬರುತ್ತಿರುವುದೂ ಅದಕ್ಕೆ ಒಂದು ಕಾರಣ. ಹೊಸ ನೀರು ಬಂದ ಮೇಲೆ ಹಳೆಯ ಮಟ್ಟವನ್ನೇ ಇಟ್ಟುಕೊಳ್ಳಬೇಕೇ ಎಂದು ಹಿರಿಯೂರಿನವರೂ ಹೊಸದುರ್ಗದವರೂ ವಾದಿಸುತ್ತಾರೆ, ಮನವಿ ಕೊಡುತ್ತಾರೆ, ಧರಣಿ ಕೂರುತ್ತಾರೆ. ನೀರಿನ ಗೆರೆ ಎಲ್ಲಿದೆ ಎಂದು ಎರಡು ತಾಲ್ಲೂಕಿನ ಮಕ್ಕಳಿಗೂ ಗೊತ್ತು. ಸಂಬಳದ ಚೀಟಿಯಲ್ಲಿರುವ ಗೆರೆಗಳ ಬಗ್ಗೆಯೂ ಅಷ್ಟು ಜೋರಾದ ವಾದ ನಡೆಯಬೇಕಾದರೆ, ಮೊದಲು ಆ ಚೀಟಿಯನ್ನು ಪೂರ್ತಿ ಓದುವುದನ್ನು ನಾವು ಕಲಿಯಬೇಕು.